ಮೊಮ್ಮಗಳ ತೂಕ, ನನ್ನ ಹಟ

ಮಕ್ಕಳ ತೂಕ ಏರಿಸುವುದೇ ನನ್ನ ನೌಕರಿಯಾಗಿತ್ತು. ಗೋಕಾಕ ತಾಲೂಕಿನ ಮಮದಾಪುರದಲ್ಲಿ ನಾನು ಅಂಗನವಾಡಿ ಕಾರ್ಯಕರ್ತೆಯಾಗಿದ್ದೆ. ತಿಂಗಳಿಗೊಮ್ಮೆ ಜಂತಿಗೆ ತಕ್ಕಡಿ ನೇತುಹಾಕಿ, ಅದರ ಜೋಳಿಗೆಯಲ್ಲಿ ಒಂದೊಂದೇ ಮಗುವನ್ನು ಕೂರಿಸಿ ತೂಗುತ್ತಿದ್ದೆ. ಅವು ಕಾಲು ಬಡಿದು ಅಳುತ್ತಿದ್ದವು. ಮುಳ್ಳು ಅಲುಗಾಡಿ ಅಲುಗಾಡಿ ಒಂದು ಕಡೆ ನಿಲ್ಲುವವರೆಗೆ ನನ್ನ ಉಸಿರೂ ನಿಂತಿರುತ್ತಿತ್ತು. ಪ್ರತಿ ಮಗುವಿಗೂ ಒಂದು ಬೆಳವಣಿಗೆಯ ನಕ್ಷೆ ಇತ್ತು. ಕೆಳಗೆ ಕೆಂಪು ಪಟ್ಟಿ, ಅದರ ಮೇಲೆ ಹಳದಿ, ಅದರ ಮೇಲೆ ಹಸಿರು. ಕೆಂಪಿನಲ್ಲಿದ್ದ ಮಗು ಹಳದಿಗೆ ಬಂದ ದಿನ, ಹಳದಿಯದು ಹಸಿರಿಗೆ ಏರಿದ ದಿನ, ನಾನು ಮನೆಗೆ ಹೋಗುವ ದಾರಿಯಲ್ಲಿ ನನ್ನಷ್ಟಕ್ಕೆ ನಾನೇ ನಗುತ್ತಿದ್ದೆ. ಕೆಲವು ಮಕ್ಕಳಿಗಾಗಿ ಅವರ ಮನೆಗೇ ಹೋಗಿ ತತ್ತಿ ಕುದಿಸಿ, ಗಂಜಿ ಕಾಸಿ, ನನ್ನ ಕೈಯಿಂದಲೇ ಉಣಿಸಿ ಬಂದದ್ದುಂಟು. ಹೀಗೆ ವರ್ಷಗಟ್ಟಲೆ ಮಾಡಿದ ಮೇಲೆ ನನ್ನ ಕಣ್ಣು ಒಂದೇ ರೀತಿ ನೋಡಲು ಕಲಿತುಬಿಟ್ಟಿತ್ತು. ಪಕ್ಕೆಲುಬು ಕಂಡರೆ ಭಯ, ಗಲ್ಲ ತುಂಬಿದ್ದರೆ ಸಮಾಧಾನ.

ನನ್ನ ಮೊಮ್ಮಗಳು ದಿನ ತುಂಬುವ ಮೊದಲೇ ಹುಟ್ಟಿದಳು. ಗೋಕಾಕಿನ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದ ಆ ಕೂಸನ್ನು ನೋಡಿದಾಗ, ಅದರ ತೊಡೆ ನನ್ನ ಹೆಬ್ಬೆರಳಿನಷ್ಟೇ ದಪ್ಪವಿತ್ತು. ಅವತ್ತೇ ನಾನು ಮನಸ್ಸಿನಲ್ಲಿ ನಿಶ್ಚಯ ಮಾಡಿದೆ, ಎಷ್ಟೋ ಮಕ್ಕಳನ್ನು ಕೆಂಪಿನಿಂದ ಎತ್ತಿದವಳು ಇವಳನ್ನು ಬಿಡುತ್ತೇನೆಯೇ ಎಂದು.

ಆಕೆಗೆ ನಾಲ್ಕು ವರ್ಷವಾದಾಗ ನಾನು ನಿವೃತ್ತಳಾಗಿ ಮೂಡಲಗಿಯ ಮಗನ ಮನೆಗೆ ಬಂದೆ. ಮಗನದು ಹೊಲಕ್ಕೆ ನೀರು ಹಾಯಿಸುವ ಪೈಪುಗಳ ಅಂಗಡಿ. ಸೊಸೆಗೆ ಕಚೇರಿಯಲ್ಲಿ ಕೆಲಸ. ಬೆಳಿಗ್ಗೆ ಇಬ್ಬರೂ ಹೊರಬಿದ್ದರೆ ಬರುವುದು ಸಂಜೆಗೆ. ಮಗು ನನ್ನ ಕೈಗೆ ಬಂತು.

ನಾನು ಉಣಿಸಿದೆ. ಬಿಸಿ ಚಪಾತಿಗೆ ತುಪ್ಪ ಸವರಿ, ಸಕ್ಕರೆ ಉದುರಿಸಿ, ಸುರುಳಿ ಮಾಡಿ ಕೊಟ್ಟೆ. ಹಾಲಿಗೆ ಡಬ್ಬಿಯ ಪುಡಿ ಎರಡು ಚಮಚ, ಮೇಲೆ ಸಕ್ಕರೆ ಎರಡು ಚಮಚ. ಶಾಲೆಯಿಂದ ಬಂದ ಕೂಡಲೇ ಬಿಸ್ಕೀಟು. ಸಂಜೆ ಮಗ ಅಂಗಡಿ ಮುಚ್ಚಿ ಬರುವಾಗ ಕಾಗದದಲ್ಲಿ ಸುತ್ತಿದ ಮಿರ್ಚಿ ಭಜಿ ತರುತ್ತಿದ್ದ, ಇಲ್ಲವಾದರೆ ಬೇಕರಿಯ ಖಾರಿ ಬಿಸ್ಕೀಟು. ಊಟದ ಹೊತ್ತಿಗೆ ಆಕೆಯ ಕೈಗೆ ಮೊಬೈಲು ಕೊಟ್ಟರೆ ಕಣ್ಣು ಅದರಲ್ಲಿರುತ್ತಿತ್ತು, ಬಾಯಿ ತಾನಾಗಿ ತೆರೆಯುತ್ತಿತ್ತು. ತಟ್ಟೆ ಖಾಲಿಯಾದದ್ದು ಅವಳಿಗೂ ತಿಳಿಯುತ್ತಿರಲಿಲ್ಲ. ನಾನು ಇನ್ನೊಂದಿಷ್ಟು ಕಲಸುತ್ತಿದ್ದೆ. ಶಾಲೆಗೆ ಹೋಗಲು ಆಟೋ, ಬರಲು ಆಟೋ. ಓಣಿಯವರು "ಭಾಳ ಚೊಲೊ ಜ್ವಾಪಾನ ಮಾಡೀರಿ ಅಕ್ಕೋರ" ಎಂದರೆ ನನಗೆ ಹಿಗ್ಗು.

ಆಕೆ ಮೂರನೆಯ ಇಯತ್ತೆಯಲ್ಲಿದ್ದಾಗ ಶಾಲೆಯಲ್ಲಿ ಆರೋಗ್ಯ ತಪಾಸಣೆಯಾಯಿತು. ಒಂದು ಚೀಟಿ ಬಂತು. ಸೊಸೆ ಅದನ್ನು ಎರಡು ಸಲ ಓದಿ ನನ್ನ ಮುಂದಿಟ್ಟಳು.

"ಅತ್ತಿ, ವಯಸ್ಸಿಗಿಂತ ತೂಕ ಭಾಳ ಐತಂತ್ರಿ. ಮಕ್ಕಳ ಡಾಕ್ಟರಿಗೆ ತೋರಿಸ್ರಿ ಅಂತ ಬರದಾರ."

"ಬರೀತಾರ, ಅವ್ರಿಗೇನು. ತುಂಬಿದ ಮೈ ಕಂಡ್ರ ಮಂದಿ ಕಣ್ಣ ಬೀಳತೈತಿ," ಎಂದು ನಾನು ಚೀಟಿಯನ್ನು ಮಡಚಿಟ್ಟೆ. ಅಂಥ ಚೀಟಿಗಳನ್ನು ಎಷ್ಟೋ ವರ್ಷ ನಾನೇ ಬರೆದು ತಾಯಂದಿರ ಕೈಗೆ ಕೊಟ್ಟವಳು. ಅದನ್ನು ಅವರು ಓದದೆ ಮಡಚಿಟ್ಟರೆ ಸಿಟ್ಟಾಗುತ್ತಿದ್ದವಳು.

ಅದಾದ ಕೆಲವೇ ದಿನಕ್ಕೆ ಮೊಮ್ಮಗಳು ಊಟದ ಡಬ್ಬಿ ಮರೆತು ಹೋಗಿದ್ದಳು. ನಾನೇ ತೆಗೆದುಕೊಂಡು ಶಾಲೆಗೆ ಹೋದೆ. ಮೈದಾನದಲ್ಲಿ ಹುಡುಗಿಯರು ಖೋ ಖೋ ಆಡುತ್ತಿದ್ದರು. ಧೂಳು, ಕೂಗು, ನಗು. ನನ್ನ ಮೊಮ್ಮಗಳು ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಳು. ಸುತ್ತಲೂ ಉಳಿದವರ ಚಪ್ಪಲಿ, ನೀರಿನ ಬಾಟಲಿ. ಅವನ್ನು ಕಾಯುವುದು ಆಕೆಯ ಕೆಲಸ.

"ನೀ ಯಾಕ ಆಡವಲ್ಲಿ?" ಎಂದೆ.

"ನಾ ಓಡಿದ್ರ ಟೀಮ್ ಸೋಲತೈತಿ ಅಂತಾರ ಆಯಿ. ನನಗ ಉಸಿರು ಹತ್ತತೈತಿ." ಇಷ್ಟು ಹೇಳಿ, ಡಬ್ಬಿ ತೆಗೆದುಕೊಂಡು, "ನೀ ಇನ್ನ ಹೋಗು. ಅವ್ರು ನೋಡ್ತಾರ," ಎಂದಳು.

ಆ ಸಂಜೆ ಸೊಸೆ ಬಾಗಿಲಿಗೆ ಬರುವಷ್ಟರಲ್ಲಿ ನಾನೇ ಹೇಳಿದೆ, "ನಾಳೆ ರಜಾ ಹಾಕು. ಗೋಕಾಕಿಗೆ ಹೋಗೂಣು."

ಗೋಕಾಕಿನ ಮಕ್ಕಳ ವೈದ್ಯೆ ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೊಮ್ಮಗಳ ತೂಕ ನೋಡಿ, ಎತ್ತರ ಅಳೆದು, ಮೇಜಿನ ಮೇಲೆ ಒಂದು ನಕ್ಷೆ ಹರಡಿದಳು. ನಾನು ಅಂಗನವಾಡಿಯಲ್ಲಿ ಇದ್ದವಳೆಂದು ಸೊಸೆ ಆಗಲೇ ಹೇಳಿದ್ದಳು.

"ಹಂಗಾರ ನಿಮಗ ನಾ ತಿಳಿಸಿ ಹೇಳೂದು ಬ್ಯಾಡ್ರಿ ಅಮ್ಮಾರ," ಎನ್ನುತ್ತ ಒಂದು ಚುಕ್ಕಿ ಇಟ್ಟಳು.

ಮೇಲೆದ್ದು ಬಾಗಿಹೋಗುವ ಗೆರೆಗಳು ನನಗೆ ಹೊಸವಲ್ಲ. ಗೆರೆ ಮೇಲಕ್ಕೆ ಹೋದರೆ ಹಿಗ್ಗಿದವಳು ನಾನು. ಈಗ ಮೊಮ್ಮಗಳ ಚುಕ್ಕಿ ಎಲ್ಲಕ್ಕಿಂತ ಮೇಲಿನ ಗೆರೆಯನ್ನೂ ದಾಟಿ, ಖಾಲಿ ಬಿಳಿಯ ಜಾಗದಲ್ಲಿ ಕೂತಿತ್ತು. ಗಾಜಿನ ಪೆಟ್ಟಿಗೆಯಲ್ಲಿದ್ದ ಕೂಸು ಎಂದೋ ಚೇತರಿಸಿಕೊಂಡಿತ್ತು. ಚೇತರಿಸಿಕೊಳ್ಳದೆ ಉಳಿದವಳು ನಾನು.

ವೈದ್ಯೆ ಮೆಲ್ಲಗೆ ಮಾತಾಡಿದಳು. "ಉಪಾಸ ಕೆಡವಬ್ಯಾಡ್ರಿ, ಬೆಳಿಯೂ ಹುಡುಗಿ. ತೂಕ ಇಳಸಾಕ ಗಡಿಬಿಡಿ ಮಾಡಬ್ಯಾಡ್ರಿ. ಏರೂದು ಕಡಿಮಿ ಆದ್ರ ಸಾಕು, ಎತ್ತರ ಬೆಳಕೋತ ಬಂದಂಗ ಸರಿ ಹೊಂದತೈತಿ. ದಿನಾ ಒಂದ್ ತಾಸು ಮೈ ಬೆವರೂ ಹಂಗ ಆಡ್ಲಿ. ಮತ್ತ ಆಕಿಗೊಬ್ಬಾಕಿಗೇ ಪಥ್ಯ ಅಂತ ಮಾಡಬ್ಯಾಡ್ರಿ. ಮನ್ಯಾಗ ಎಲ್ಲಾರ ಊಟಾನೂ ಬದಲಾಗಬೇಕು."

ಮರಳುವಾಗ ಬಸ್ಸಿನಲ್ಲಿ ಮೊಮ್ಮಗಳು ಕಿಟಕಿಯ ಬಳಿ ನಿದ್ದೆಹೋದಳು. ಸೊಸೆ ನನ್ನ ಮೇಲೆ ಒಂದು ಮಾತೂ ಎತ್ತಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತೇನೋ. ಮೂಡಲಗಿ ಬರುವ ಹೊತ್ತಿಗೆ ನಾನೇ ಅಂದೆ, "ಇದನ್ನ ಮಾಡಿದಾಕಿ ನಾನ. ಸರಿ ಮಾಡಾಕಿನೂ ನಾನ." ಸೊಸೆ ನನ್ನ ಕೈ ಮೇಲೆ ಕೈ ಇಟ್ಟು, "ನಾನೂ ಅದೇನಿ ಅತ್ತಿ," ಎಂದಳು.

ಹಟಕ್ಕೆ ಬಿದ್ದೆ, ಆದರೆ ತಪ್ಪು ದಾರಿ ಹಿಡಿದೆ. ವೈದ್ಯೆ ಹೇಳಿದ್ದರಲ್ಲಿ ನನಗೆ ಬೇಕಾದಷ್ಟನ್ನೇ ಕೇಳಿಸಿಕೊಂಡಿದ್ದೆ. ಮರುದಿನದಿಂದಲೇ ಆಕೆಯ ತಟ್ಟೆಗೆ ಒಂದೇ ರೊಟ್ಟಿ. ತುಪ್ಪ ಬಂದ್, ಸಕ್ಕರೆ ಬಂದ್. ಮನೆಗೊಂದು ತೂಕದ ಯಂತ್ರ ತರಿಸಿ, ದಿನಾ ಬೆಳಿಗ್ಗೆ ಅದರ ಮೇಲೆ ನಿಲ್ಲಿಸಿದೆ. ನಾವೆಲ್ಲ ಮೊದಲಿನಂತೆಯೇ ತಿನ್ನುತ್ತಿದ್ದೆವು. ಆಕೆ ನೋಡುತ್ತಿದ್ದಳು. ಕೆಲವು ದಿನಗಳಲ್ಲಿ ಆಕೆ ಯಂತ್ರದ ಮೇಲೆ ನಿಲ್ಲುವವರೆಗೆ ನೀರು ಕುಡಿಯುವುದನ್ನೂ ಬಿಟ್ಟಳು. ತೂಕ ಹೆಚ್ಚು ತೋರಿಸೀತೆಂದು ಹೆದರಿಕೆ. ಅದು ನನಗೆ ಆಗ ಗೊತ್ತಾಗಲಿಲ್ಲ.

ಒಂದು ಮಧ್ಯಾಹ್ನ ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕಿ ಒಳಗೆ ಬಂದೆ. ಅಡುಗೆಮನೆಯಲ್ಲಿ ಜೋಳದ ಪೀಪಾಯಿಯ ಹಿಂದೆ ಸಪ್ಪಳ. ಬಗ್ಗಿ ನೋಡಿದರೆ ಮೊಮ್ಮಗಳು ಕುಕ್ಕರಗಾಲಲ್ಲಿ ಕೂತು, ಒಣ ಸಕ್ಕರೆಯನ್ನು ಮುಷ್ಟಿಯಿಂದ ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

"ಕಳ್ಳಿ!" ಎಂದುಬಿಟ್ಟೆ.

ಆಕೆಯ ಬಾಯಿಂದ ಸಕ್ಕರೆ ಸುರಿಯಿತು. ಅಳಲಿಲ್ಲ. ನನ್ನನ್ನೇ ನೋಡುತ್ತ ಕೇಳಿದಳು, "ಮದ್ಲ ನೀನ ತಿನ್ನು ತಿನ್ನು ಅಂತಿದ್ದಿ. ಈಗ ತಿನಬ್ಯಾಡ ಅಂತಿ. ನಾ ಏನ್ ತಪ್ಪ ಮಾಡೇನಿ ಆಯಿ?"

ನಾನು ಅಲ್ಲೇ ನೆಲಕ್ಕೆ ಕೂತೆ. ಸೇವೆಯಲ್ಲಿದ್ದಾಗ ಮಗು ಸೊರಗಿದೆಯೆಂದು ನಾನು ಯಾವ ತಾಯಿಗೂ ಬೈದವಳಲ್ಲ. ಬೈದರೆ ಮರುದಿನ ಆಕೆ ಬಾಗಿಲು ಹಾಕಿಕೊಳ್ಳುತ್ತಾಳೆಂದು ಗೊತ್ತಿತ್ತು. ಅವರ ಒಲೆಯ ಮುಂದೆ ಕೂತು, ಅವರ ಜೊತೆಗೇ ಬೇಯಿಸಿ, ಅವರ ಜೊತೆಗೇ ಉಂಡು ಬರುತ್ತಿದ್ದೆ. ಪರರ ಮಕ್ಕಳಿಗೆ ತೋರಿಸಿದ ತಾಳ್ಮೆಯನ್ನು ಮನೆಯ ಮಗುವಿಗೆ ತೋರಿಸಿರಲಿಲ್ಲ.

"ನಿಂದೇನೂ ತಪ್ಪಿಲ್ಲ ನನ್ನವ್ವಾ. ತಪ್ಪು ನಂದು," ಎಂದು ಆಕೆಯ ಬಾಯಿ ಒರೆಸಿದೆ. "ಇನ್ನ ನಿನಗ ಹಸಿವಿ ಆದ್ರ ಕದ್ದು ತಿನಬ್ಯಾಡ. ನನಗ ಹೇಳು. ಇಬ್ಬರೂ ಕೂಡಿ ಏನರ ಮಾಡ್ಕೊಂಡ ತಿನ್ನೂಣು." ಆಗಲೇ ಆಕೆ ನೀರಿನ ವಿಷಯವನ್ನೂ ಹೇಳಿದ್ದು. ಅವತ್ತೇ ಆ ಯಂತ್ರವನ್ನು ಅಟ್ಟಕ್ಕೆ ಹಾಕಿದೆ. ತೂಕ ನೋಡುವುದು ಮೂರು ತಿಂಗಳಿಗೊಮ್ಮೆ, ವೈದ್ಯೆಯ ಹತ್ತಿರ ಮಾತ್ರ ಎಂದು ತೀರ್ಮಾನಿಸಿದೆ.

ಅದೇ ಸಂಜೆ ಮಗ ಭಜಿಯ ಪೊಟ್ಟಣ ಹಿಡಿದು ಬಂದ. ನಾನು ಬಾಗಿಲಲ್ಲೇ ತಡೆದೆ.

"ಆಕಿಗೇನ ಕೊಡೂದಿಲ್ಲ ಅವ್ವಾ, ನಾವಷ್ಟ ತಿಂತೇವಿ," ಎಂದ.

"ನೀ ಆಕಿ ಮುಂದ ಕುಂತು ತಿಂದ್ರ ಆಕಿ ಗ್ವಾಡಿ ನೋಡಬೇಕೇನು?"

"ದಿನಾ ದುಡದ ಬರ್ತೇನಿ. ಒಂದ್ ಭಜಿ ತಿನ್ನಾಕೂ ಬ್ಯಾಡೇನು ಹಂಗಾರ?"

"ಬ್ಯಾಡ ಅಂದಿಲ್ಲ. ರವಿವಾರ ನಾನ ಕರೀತೇನಿ, ಎಲ್ಲಾರೂ ತಿನ್ನೂಣು, ಆಕಿನೂ ತಿಂತಾಳ. ಉಳದ ದಿನ ಈ ಪಾಕೀಟು ಹೊಸ್ತಿಲಾ ದಾಟೂದಿಲ್ಲ. ನಿನ್ನ ಹೊಟ್ಟಿನೂ ಅಂಗಿಯೊಳಗ ಹಿಡಿಸವಲ್ದು, ನೋಡ್ಕೊ."

ಸೊಸೆ ಒಳಗಿನಿಂದ ಕಿಸಕ್ಕನೆ ನಕ್ಕಳು. ಮಗ ಸಿಟ್ಟಿನಿಂದ ಪೊಟ್ಟಣವನ್ನು ಬಾಜೂ ಮನೆಯವರಿಗೆ ಕೊಟ್ಟು ಬಂದ. ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಬರುವಾಗ ಕೈಯಲ್ಲಿ ಪೇರಲಹಣ್ಣಿನ ಚೀಲವಿತ್ತು.

ಅಡುಗೆ ಬದಲಾದದ್ದಕ್ಕಿಂತ ಹೆಚ್ಚಾಗಿ ಉಣ್ಣುವ ಬಗೆ ಬದಲಾಯಿತು. ಮೊಬೈಲು ಕಪಾಟಿನೊಳಗೆ ಹೋಯಿತು. ಎಲ್ಲರೂ ಸುತ್ತ ಕೂತು ಉಣ್ಣುವುದು, ಆಕೆಗೆ ಬೇಕಾದಷ್ಟನ್ನು ಆಕೆಯೇ ಬಡಿಸಿಕೊಳ್ಳುವುದು. ಬಿಸಿ ಜೋಳದ ರೊಟ್ಟಿ, ಮೊಳಕೆ ಬಂದ ಮಡಿಕೆಕಾಳಿನ ಪಲ್ಯ, ತಟ್ಟೆಯ ಅಂಚಿಗೆ ಸವತಿಕಾಯಿ, ಮೂಲಂಗಿ, ಹಸಿ ಮೆಂತ್ಯದ ಎಲೆ, ಕಡೆಗೆ ಮಜ್ಜಿಗೆ. ಇವೆಲ್ಲ ನಾನು ಹುಟ್ಟಿದಾಗಿನಿಂದ ಉಂಡ ಊಟವೇ. ಮೊಮ್ಮಗಳಿಗೆ ಮಾತ್ರ ಇದು ಸಾಲದೆಂದು ನನಗೆ ಯಾಕೆ ಅನ್ನಿಸಿತ್ತೋ ಏನೋ. ಆಕೆ ಹಿಟ್ಟಿನ ಮುಂದೆ ಕೂತು ಅಂಗೈಯಗಲದ ರೊಟ್ಟಿ ಬಡಿಯಲು ಕಲಿತಳು. ತಾನು ಬಡಿದ ರೊಟ್ಟಿ ಹರಿದಿದ್ದರೂ ತಾನೇ ತಿನ್ನಬೇಕು ಎನ್ನುತ್ತಿದ್ದಳು. ಹಾಲಿನ ಪುಡಿಯ ಡಬ್ಬಿ ಖಾಲಿಯಾದ ಮೇಲೆ ಮತ್ತೆ ತರಲಿಲ್ಲ. ಸಪ್ಪೆ ಹಾಲು ಕುಡಿಯಲು ಮೂರು ವಾರ ಮುಖ ಕಿವುಚಿದಳು.

ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಆಕೆಯ "ಸಾಕು" ಎಂಬ ಮಾತನ್ನು ಒಪ್ಪುವುದು. ಆಕೆ ಸಾಕೆಂದಾಗಲೆಲ್ಲ ನನ್ನ ಕೈ ಪಾತ್ರೆಯ ಕಡೆಗೆ ಹೋಗುತ್ತಿತ್ತು. ಸೊಸೆ ಕಣ್ಣಲ್ಲೇ ಬೇಡವೆನ್ನುತ್ತಿದ್ದಳು. ನಾನು ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂರುತ್ತಿದ್ದೆ.

ಆಮೇಲೆ ಆಟೋ ಬಿಡಿಸಿದೆ. ಶಾಲೆ ನಡೆದು ಹೋಗುವಷ್ಟೇ ದೂರ. ಕಬ್ಬಿನ ಟ್ರ್ಯಾಕ್ಟರುಗಳು ಓಡಾಡುವ ದೊಡ್ಡ ರಸ್ತೆ ಬಿಟ್ಟು, ಗುಡಿಯ ಹಿಂದಿನ ಓಣಿ ಹಿಡಿದೆವು. ಮೊದಲ ದಿನ ಮೊಮ್ಮಗಳು ಮೂರು ಕಡೆ ನಿಂತಳು. ಹಣೆಯ ಮೇಲೆ ಬೆವರು, ಕಣ್ಣಲ್ಲಿ ನೀರು. ನನ್ನ ಮೊಣಕಾಲೂ ನೋಯುತ್ತಿತ್ತು. "ನನಗ ದಣಿವಾತು, ಸ್ವಲ್ಪ ಕೂಡೂಣು ಬಾ," ಎಂದು ನಾನೇ ಕಟ್ಟೆಯ ಮೇಲೆ ಕೂರುತ್ತಿದ್ದೆ. ತಾನು ದಣಿದೆನೆಂದು ಆಕೆ ಹೇಳಬೇಕಾಗಿ ಬರುತ್ತಿರಲಿಲ್ಲ. ಓಣಿಯ ಹೆಂಗಸೊಬ್ಬಳು ಒಂದು ದಿನ ಕಟ್ಟೆಯಿಂದಲೇ ಕೂಗಿದಳು, "ತಾಯಿ ನೌಕರಿಗೆ ಹೋದ್ರ ಮಕ್ಕಳ ಗತಿ ಹಿಂಗ ನೋಡ್ರಿ."

ನಾನು ನಿಂತೆ. "ತಾಯಿದೇನೂ ತಪ್ಪಿಲ್ಲ. ಮನ್ಯಾಗ ಕುಂತು ತುರುಕಿದಾಕಿ ನಾನು. ಅನ್ನೂದಿದ್ರ ನನಗ ಅನ್ರಿ," ಎಂದೆ. ಮುಂದೆ ಯಾರೂ ಸೊಸೆಯ ಹೆಸರೆತ್ತಲಿಲ್ಲ.

ನಡಿಗೆ ರೂಢಿಯಾಯಿತು, ಆಟಕ್ಕೆ ಮಾತ್ರ ಜೊತೆ ಸಿಗಲಿಲ್ಲ. ಸಂಜೆ ಓಣಿಯ ಹುಡುಗಿಯರೆಲ್ಲ ಟಿವಿಯ ಮುಂದೆ. ಕಡೆಗೆ ನಾನೇ ಸೀರೆ ಎತ್ತಿಕಟ್ಟಿ ಆಕೆಯ ಕೈ ಹಿಡಿದು ಫುಗಡಿ ಆಡಿಸಿದೆ. ನನ್ನ ಕಾಲದಲ್ಲಿ ಹುಡುಗಿಯರು ಕೈಗೆ ಕೈ ಹೆಣೆದು, ಹಿಂದಕ್ಕೆ ಬಾಗಿ, ಗರಗರ ಸುತ್ತುತ್ತಿದ್ದ ಆಟ. ನಾಲ್ಕು ಸುತ್ತಿಗೆ ತಲೆ ತಿರುಗಿ ನಾನು ಧೂಳಿನಲ್ಲಿ ಕುಸಿದೆ. ಮೊಮ್ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಷ್ಟು ಜೋರಾಗಿ ನಕ್ಕದ್ದನ್ನು ನಾನು ತಿಂಗಳುಗಟ್ಟಲೆ ಕೇಳಿರಲಿಲ್ಲ.

ಎದುರುಮನೆಯಾಕೆ ಓಡಿಬಂದು ನನ್ನನ್ನು ಎಬ್ಬಿಸಿದಳು. "ಈ ವಯಸ್ಸಿನಾಗ ಫುಗಡಿ ಎದಕ್ರಿ ಅಕ್ಕೋರ? ಕಾಲ ಮುರಕೊಂಡ್ರ?"

"ನಮ್ಮ ಹುಡುಗಿಗೆ ಜೋಡಿ ಇಲ್ರಿ. ನಿಮ್ಮ ಮಗಳನ್ನ ಕಳಸ್ರಿ, ನಾ ಬಿಡ್ತೇನಿ."

ಮರುದಿನ ಆಕೆ ಮಗಳನ್ನು ಕಳಿಸಿದಳು. ವಾರದಲ್ಲಿ ಐದಾರು ಜನರಾದರು. ಮೊದಮೊದಲು ಮೊಮ್ಮಗಳು ಬೇಗ ದಣಿಯುತ್ತಿದ್ದಳು. ಆದರೆ ಆಟ ನಮ್ಮ ಅಂಗಳದ್ದು, ಆಕೆಯನ್ನು ಹೊರಗೆ ಕೂರಿಸುವ ಹಾಗಿರಲಿಲ್ಲ.

ಎಲ್ಲವೂ ನೆಟ್ಟಗೆ ಸಾಗಿತೆಂದಲ್ಲ. ಮದುವೆಗಳ ತಿಂಗಳಲ್ಲಿ ಎರಡು ವಾರ ಮತ್ತೆ ಹಳೆಯ ದಾರಿಗೆ ಬಿದ್ದೆವು. ಆಕೆಗೆ ಜ್ವರ ಬಂದಾಗ ನಾನೇ ಹೆದರಿ ತುಪ್ಪದ ಡಬ್ಬಿ ಕೆಳಗಿಳಿಸಿದೆ. ಸೊಸೆ ಅದನ್ನು ಮತ್ತೆ ಮೇಲಿಟ್ಟಳು. ಬಿಟ್ಟಲ್ಲಿಂದ ಮತ್ತೆ ಹಿಡಿದೆವು.

ಬೇಸಿಗೆ ರಜೆ ಬಂತು. ಸೊಸೆಯ ತವರು ಹುಕ್ಕೇರಿ. ಪ್ರತಿ ವರ್ಷ ಮೊಮ್ಮಗಳು ಅಲ್ಲಿ ಒಂದು ತಿಂಗಳು ಇರುತ್ತಿದ್ದಳು. ನನಗೆ ಜೀವ ಹಾರಿತು. ನನ್ನ ಬೀಗತಿ ಉಣಿಸುವುದರಲ್ಲಿ ನನಗಿಂತ ಒಂದು ಕೈ ಮೇಲು. ಬಿಟ್ಟು ಬರುವ ನೆಪದಲ್ಲಿ ನಾನೂ ಹೋದೆ.

ಮೆಟ್ಟಿಲು ಹತ್ತುವಾಗಲೇ ಬೀಗತಿ ಮೊಮ್ಮಗಳ ಗಲ್ಲ ಹಿಡಿದು ನೋಡಿದಳು. "ಏನ್ರಿ ಬೀಗರ, ಕೂಸು ಹಿಂಗ್ಯಾಕ ಸೊರಗೈತಿ? ಉಪಾಸ ಕೆಡವೀರೇನು?" ಒಳಗೆ ಬೇಸನ್ ಉಂಡಿಯ ಡಬ್ಬಿ ತುಂಬಿತ್ತು. ಮಾವಿನ ಹಣ್ಣಿನ ಶೀಕರಣೆಯ ಮೇಲೆ ತುಪ್ಪ ತೇಲುತ್ತಿತ್ತು.

ಊಟದ ಹೊತ್ತಿಗೆ ನಾನು ಜಗಳಕ್ಕೇ ಸಿದ್ಧಳಾಗಿದ್ದೆ. ಆದರೆ ಬೀಗತಿಯ ಮುಖ ನೋಡಿದಾಗ ನನ್ನದೇ ಮುಖ ನೋಡಿದಂತಾಯಿತು. ಮೊಮ್ಮಗಳು ಹೊರಗೆ ಹೋದ ಮೇಲೆ ಎಲ್ಲವನ್ನೂ ಹೇಳಿದೆ. ಮೆಟ್ಟಿಲ ಮೇಲೆ ಚಪ್ಪಲಿ ಕಾಯುತ್ತ ಕೂತಿದ್ದದ್ದು, ನಕ್ಷೆಯ ಚುಕ್ಕಿ, ಪೀಪಾಯಿಯ ಹಿಂದಿನ ಸಕ್ಕರೆ, ನಾನು ಬೈದದ್ದು. "ನಾ ಮಾಡಿದ ತಪ್ಪರಿ ಇದು. ನೀವು ಕೈ ಹಿಡೀಲಿಲ್ಲಂದ್ರ ನನಗೊಬ್ಬಾಕಿಗೆ ನೀಗೂದಿಲ್ಲ," ಎಂದೆ.

ಬೀಗತಿ ಉಂಡಿಯ ಡಬ್ಬಿ ಎತ್ತಿ ಮೇಲಿನ ಹಲಗೆಯ ಮೇಲಿಟ್ಟು, "ಆಕಿ ವಯಸ್ಸಿನಾಗ ನಾ ಬಾವ್ಯಾಗ ಜಿಗೀತಿದ್ದೆರಿ," ಎಂದಳು. "ನಾಳೆ ಹೊಲಕ್ಕ ಕರಕೊಂಡ ಹೋಗ್ತೇನಿ."

ಮರುದಿನ ಬೆಳಿಗ್ಗೆ ಎಲ್ಲರೂ ಹೊಲಕ್ಕೆ ಹೋದೆವು. ಮೆಟ್ಟಿಲಿದ್ದ ಬಾವಿ. ಬೀಗತಿಯ ಮಗ ಮೊಮ್ಮಗಳ ಬೆನ್ನಿಗೆ ಎಣ್ಣೆಯ ಖಾಲಿ ಕ್ಯಾನು ಕಟ್ಟಿ, ನಡುವಿಗೆ ಹಗ್ಗ ಬಿಗಿದು, ತುದಿ ಹಿಡಿದು ಮೆಟ್ಟಿಲ ಮೇಲೆ ನಿಂತ. ಬೀಗತಿ ಕಚ್ಚೆ ಹಾಕಿದ ಸೀರೆಯಲ್ಲೇ ನೀರಿಗಿಳಿದಳು. ಮೊಮ್ಮಗಳು ಕಡೆಯ ಮೆಟ್ಟಿಲಿಗೆ ಅಂಟಿಕೊಂಡಳು.

"ನನ್ನ ಮೈ ಭಾರ ಐತಿ. ನಾ ಮುಳಗ್ತೇನಿ."

"ಯಾರ ಹೇಳಿದ್ರು? ನನ್ನ ಮೈ ನಿನಕಿಂತಾ ಭಾರ ಐತಿ. ನೋಡ ಇಲ್ಲೆ," ಎಂದು ಬೀಗತಿ ಅಂಗಾತ ಮಲಗಿದಳು. ಆ ದೊಡ್ಡ ದೇಹ ನೀರಿನ ಮೇಲೆ ಎಲೆಯಂತೆ ತೇಲಿತು. ಮೊಮ್ಮಗಳು ಬಾಯಿ ತೆರೆದು ನೋಡಿದಳು. ಆಮೇಲೆ ಒಂದು ಕಾಲು ಇಟ್ಟಳು, ಇನ್ನೊಂದು ಇಟ್ಟಳು.

ನಾನು ಮೂಡಲಗಿಗೆ ಮರಳಿದೆ. ತಿಂಗಳ ಕೊನೆಗೆ ಕರೆತರಲು ಹೋದಾಗ ನೇರವಾಗಿ ಬಾವಿಗೇ ಹೋದೆ. ಬೆನ್ನ ಮೇಲೆ ಕ್ಯಾನು ಇರಲಿಲ್ಲ. ಹಗ್ಗ ನಡುವಿಗಿತ್ತು, ಸಡಿಲವಾಗಿತ್ತು. "ಆಯಿ, ನೋಡ!" ಎಂದು ಕೂಗಿ ಆಕೆ ಈ ದಡದಿಂದ ಆ ದಡಕ್ಕೆ ಕೈಕಾಲು ಬಡಿಯುತ್ತ ಹೋದಳು. ನನಗೆ ಸಂತೋಷವಾಯಿತು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ಇದನ್ನು ಕಲಿಸಿದವಳು ನಾನಲ್ಲವಲ್ಲ ಎಂದು. ಬೀಗತಿ ದಂಡೆಯ ಮೇಲೆ ಕೂತು ಸೀರೆ ಹಿಂಡುತ್ತ, "ಶೀಕರಣಿ ಮಾಡಿದ್ದೆರಿ, ವಾರಕ್ಕೊಮ್ಮಿ. ಸಣ್ಣ ಬಟ್ಟಲಾ, ಒಂದ," ಎಂದು ತಾನಾಗಿಯೇ ವರದಿ ಒಪ್ಪಿಸಿದಳು.

ಶಾಲೆ ಶುರುವಾದ ಮೇಲೆ ಗೋಕಾಕಿಗೆ ಹೋದೆವು. ವೈದ್ಯೆ ಹಿಂದಿನ ಚುಕ್ಕಿಗಳ ಪಕ್ಕದಲ್ಲಿ ಹೊಸ ಚುಕ್ಕಿ ಇಟ್ಟಳು. ಆಕೆಯ ತೂಕ ಸ್ವಲ್ಪ ಏರಿತ್ತು, ಆದರೆ ಎತ್ತರ ಚೆನ್ನಾಗಿ ಬೆಳೆದಿತ್ತು. ಚುಕ್ಕಿ ಇನ್ನೂ ಮೇಲಿನ ಗೆರೆಯ ಆಚೆಗೇ ಇತ್ತು, ಗೆರೆಗೆ ಹತ್ತಿರ ಬಂದಿತ್ತು. "ಭಾಳ ಚೊಲೊ ಆಗೈತ್ರಿ. ಹಿಂಗ ನಡಸ್ರಿ, ಇನ್ನೂ ಟೈಮ್ ಹಿಡೀತೈತಿ," ಎಂದಳು.

"ಎಷ್ಟ ಹಿಡಿದ್ರೂ ಹಿಡೀಲಿ," ಎಂದೆ.

ಮೊಮ್ಮಗಳು ಶಾಲೆಯಲ್ಲಿ ಓಟದ ರಾಣಿಯೇನೂ ಆಗಲಿಲ್ಲ. ಆದರೆ ಮೆಟ್ಟಿಲ ಮೇಲೆ ಕೂರುವುದಿಲ್ಲ. ಬೇಗ ಔಟಾಗುತ್ತಾಳಂತೆ, ಸಿಟ್ಟು ಮಾಡಿಕೊಳ್ಳುತ್ತಾಳಂತೆ, ಮರುದಿನ ಮತ್ತೆ ಆಡಲು ನಿಲ್ಲುತ್ತಾಳಂತೆ.

ಈ ಶ್ರಾವಣದಲ್ಲಿ ನಾಗರ ಪಂಚಮಿ ಬಂದಾಗ ಮಗ ಕೇಳಿದ, "ಅವ್ವಾ, ಈ ಸಲ ಉಂಡಿ ಮಾಡ್ತೀಯೋ ಇಲ್ಲೋ?" ಮಾಡಿದೆ. ಶೇಂಗಾದುಂಡಿ, ಎಳ್ಳುಂಡಿ, ಸಣ್ಣ ಸಣ್ಣವು, ಒಂದೇ ಡಬ್ಬಿಯಷ್ಟು. ಮಗ ಅಂಗಳದ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ. ಮೊಮ್ಮಗಳು ಎರಡು ಉಂಡಿ ತಿಂದು, ಮೂರನೆಯದಕ್ಕೆ ಕೈ ಚಾಚಿ, ಒಂದು ಕ್ಷಣ ನಿಂತು, "ನಾಳಿಗೆ ಇಡು," ಎಂದು ಹೊರಗೆ ಓಡಿದಳು. ನಾನು ಡಬ್ಬಿಯ ಮುಚ್ಚಳ ಹಾಕುವಷ್ಟರಲ್ಲಿ ಸೊಸೆಯ ಕೂಗು ಕೇಳಿಸಿತು. "ಅತ್ತಿ, ಲಗೂನ ಬರ್ರಿ! ಆಯಿ ನಾನು ಇಬ್ಬರೂ ಕೂಡಿ ಜೀಕೂಣು ಅಂತ ಹಟಾ ಹಿಡದಾಳ!" ಸೆರಗು ಸಿಕ್ಕಿಸಿಕೊಂಡು ನಾನು ಅಂಗಳಕ್ಕೆ ಇಳಿದೆ.